ಕೇಳದೆ ಬಂದ ಕೊಳ್ಳುಗ: ಜಮೀನು ಖರೀದಿ ಪ್ರಸ್ತಾಪದ ನಿಜ-ಸುಳ್ಳನ್ನು ಅರಿಯುವ ಬಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ ಹಾಗೂ ಹೂ ಬೆಳೆಯುವ ರೈತರಿಗೆ ಕೀಟ-ರೋಗಗಳಷ್ಟೇ ಪರಿಚಿತವಾದ ಇನ್ನೊಂದು ಸಂಗತಿಯಿದೆ. ಅದೇ ಕರೆಯದೆ ಬರುವ ಜಮೀನು ಕೊಳ್ಳುಗರು. ರೈತನು ಮಾರುವ ಯೋಚನೆಯನ್ನೇ ಮಾಡಿರುವುದಿಲ್ಲ. ಆದರೂ ಹೊಲದ ಬದುವಿನ ಬಳಿ ಕಾರು ನಿಲ್ಲುತ್ತದೆ, ಇಲ್ಲವೇ ದೂರವಾಣಿ ಕರೆ ಬರುತ್ತದೆ. ಎಕರೆಗೆ ಇಷ್ಟು ಕೋಟಿ ಎಂಬ ಮಾತು ಹೊರಡುತ್ತದೆ.

ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ಆರಂಭವಾಯಿತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಜೋಡಿಸುವ ಉಪನಗರ ವರ್ತುಲ ರಸ್ತೆ ಬಂದಿತು. ದಾಬಸ್‌ಪೇಟೆಯ ಸುತ್ತ ಕೈಗಾರಿಕೆಗಳು ಬೆಳೆದವು. ಇವುಗಳ ಜೊತೆಗೆ 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ 79ಎ ಮತ್ತು 79ಬಿ ಕಲಮುಗಳು ರದ್ದಾದವು. ಇದರಿಂದ ಕೃಷಿಕರಲ್ಲದವರೂ ಕೃಷಿ ಜಮೀನನ್ನು ಕೊಳ್ಳಲು ಅರ್ಹರಾದರು.

ಹೀಗೆ ಬರುವ ಪ್ರಸ್ತಾಪಗಳೆಲ್ಲ ಮೋಸವಲ್ಲ. ಎಲ್ಲವೂ ನಿಜವೂ ಅಲ್ಲ. ಎರಡನ್ನೂ ಬೇರ್ಪಡಿಸಿ ನೋಡುವ ಕ್ರಮವನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅತ್ಯಗತ್ಯ. ಒಂದು ಬೆಳೆ ಹಾಳಾದರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಒಂದು ತಪ್ಪು ಕಾಗದಕ್ಕೆ ಸಹಿ ಮಾಡಿದರೆ ಬಿತ್ತುವ ನೆಲವೇ ವರ್ಷಗಟ್ಟಲೆ ನ್ಯಾಯಾಲಯದ ಕಟ್ಟೆ ಹತ್ತುತ್ತದೆ.

ಬರುವವರಲ್ಲಿ ಮೂರು ಬಗೆ

1. ನಿಜವಾದ ಕೊಳ್ಳುಗ: ಇವರ ಬಳಿ ಹಣವಿರುತ್ತದೆ ಮತ್ತು ಜಮೀನು ಬೇಕಾಗಿರುತ್ತದೆ. ಬೆಲೆಯ ವಿಷಯದಲ್ಲಿ ಬಿಗಿಯಾಗಿರಬಹುದು, ಆದರೆ ವ್ಯವಹಾರ ನೇರವಾಗಿರುತ್ತದೆ.

2. ಹಣವಿಲ್ಲದ ಮಧ್ಯವರ್ತಿ: ಇವರು ಅಲ್ಪ ಮುಂಗಡ ಕೊಟ್ಟು ಕರಾರು ಬರೆಸಿಕೊಳ್ಳುತ್ತಾರೆ. ಅನಂತರ ಅದೇ ಕರಾರನ್ನು ಹಿಡಿದು ಹೆಚ್ಚಿನ ಬೆಲೆಗೆ ಬೇರೆ ಕೊಳ್ಳುಗರನ್ನು ಹುಡುಕುತ್ತಾರೆ. ಸಿಕ್ಕರೆ ಲಾಭ ಇವರದು. ಸಿಗದಿದ್ದರೆ ಜಮೀನು ಕಟ್ಟಿಬಿದ್ದ ನಷ್ಟ ರೈತನದು.

3. ವಂಚಕ: ಇವರಿಗೆ ಜಮೀನು ಬೇಕಾಗಿಯೇ ಇಲ್ಲ. ಶುಲ್ಕದ ಹೆಸರಿನಲ್ಲಿ ಹಣ, ಇಲ್ಲವೇ ಮೂಲ ದಾಖಲೆ, ಸಹಿ ಮತ್ತು ಬೆರಳಚ್ಚು ಬೇಕಾಗಿರುತ್ತವೆ.

ಹೇಳಿದ ಬೆಲೆಯು ಪರೀಕ್ಷೆಯಲ್ಲ

ಹೆಚ್ಚಿನ ಬೆಲೆ ಹೇಳಿದವರು ದೊಡ್ಡ ಕೊಳ್ಳುಗರೆಂದು ನಂಬುವುದು ಸಾಮಾನ್ಯ ತಪ್ಪು. ಬಾಯಲ್ಲಿ ಬೆಲೆ ಹೇಳಲು ಖರ್ಚಿಲ್ಲ. ಕೊಡುವ ಉದ್ದೇಶವಿಲ್ಲದವರು ಎಷ್ಟು ಬೇಕಾದರೂ ಹೇಳಬಲ್ಲರು. ಕೊಡಬೇಕಾದವರು ಮಾತ್ರ ಅಳೆದು ತೂಗಿ ಮಾತನಾಡುತ್ತಾರೆ. ಆದ್ದರಿಂದ ಪ್ರಸ್ತಾಪವನ್ನು ಬೆಲೆಯಿಂದ ಅಳೆಯದೆ ಈ ಕೆಳಗಿನ ನಾಲ್ಕು ಪ್ರಶ್ನೆಗಳಿಂದ ಅಳೆಯಬೇಕು.

ಅ) ಕೊಳ್ಳುವವರು ಜಮೀನಿನ ಬಗ್ಗೆ ಏನು ಕೇಳುತ್ತಾರೆ?
ಆ) ಮೊದಲು ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ?
ಇ) ಯಾವ ಕಾಗದಕ್ಕೆ ಸಹಿ ಕೇಳುತ್ತಾರೆ?
ಈ) ಕಾಯಲು ಒಪ್ಪುತ್ತಾರೆಯೇ?

ಮೊದಲನೆಯ ಪ್ರಶ್ನೆ: ಏನು ಕೇಳುತ್ತಾರೆ?

ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಕೋಟಿ ರೂಪಾಯಿ ಕೊಟ್ಟು ಜಮೀನು ಕೊಳ್ಳುವವರು ಅದಕ್ಕಿಂತ ಕಡಿಮೆ ಪರೀಕ್ಷೆ ಮಾಡುವುದಿಲ್ಲ. ಪಹಣಿ, ಮ್ಯುಟೇಷನ್, ಹಿಂದಿನ ಕ್ರಯಪತ್ರ ಅಥವಾ ವಿಭಾಗಪತ್ರ, ವಂಶವೃಕ್ಷ, ಋಣಭಾರ ಪ್ರಮಾಣಪತ್ರ, ಸರ್ವೆ ನಕ್ಷೆ ಇವುಗಳ ಪ್ರತಿಗಳನ್ನು ಅವರ ವಕೀಲರು ಕೇಳುತ್ತಾರೆ. ಹೆಣ್ಣುಮಕ್ಕಳು ಎಷ್ಟು ಜನ, ದಾರಿ ಯಾವುದು, ಖರಾಬು ಎಷ್ಟು ಎಂದು ವಿಚಾರಿಸುತ್ತಾರೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಆಗಬೇಕೆಂದು ಹೇಳುತ್ತಾರೆ.

ಇಂತಹ ಪ್ರಶ್ನೆಗಳಿಂದ ರೈತರು ಬೇಸರಪಡಬಾರದು. ಇವು ಕೊಳ್ಳುಗ ನಿಜವಾದವನೆಂಬುದರ ಗುರುತು. ದಾಖಲೆ ನೋಡದೆ, ಹೊಲದಲ್ಲಿ ಕಾಲಿಡದೆ ಆ ದಿನವೇ ಟೋಕನ್ ಕೊಡಲು ಬರುವವರ ಬಗ್ಗೆ ಸಂಶಯಪಡಬೇಕು.

ಕಾನೂನಿನ ತಡೆಯಿರುವ ಜಮೀನುಗಳಲ್ಲಿ ಈ ಪರೀಕ್ಷೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲವೆಂದು 1978ರ ಕಾಯಿದೆ ಹೇಳುತ್ತದೆ. ಇತರ ಮಂಜೂರಾತಿ ಜಮೀನುಗಳಲ್ಲಿಯೂ ಸಾಗುವಳಿ ಚೀಟಿಯಲ್ಲಿ ಬರೆದ ಅವಧಿ ಮತ್ತು ಷರತ್ತುಗಳಿರುತ್ತವೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಕೊಟ್ಟಿದೆ. 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. "ಅದೆಲ್ಲ ನಾವು ನೋಡ್ಕೋತೀವಿ ಯಜಮಾನ್ರೇ, ನೀವು ಸಹಿ ಹಾಕಿ ಸಾಕು" ಎನ್ನುವವರು ಜಮೀನನ್ನಲ್ಲ, ಸಹಿಯನ್ನು ಕೊಳ್ಳಲು ಬಂದವರು.

ಎರಡನೆಯ ಪ್ರಶ್ನೆ: ಹಣ ಯಾವ ಕಡೆಗೆ ಹರಿಯುತ್ತದೆ?

ನೀರು ಇಳಿಜಾರಿನತ್ತ ಹರಿಯುವಂತೆ, ಖರೀದಿಯಲ್ಲಿ ಹಣ ಕೊಳ್ಳುವವರಿಂದ ಮಾರುವವರತ್ತ ಹರಿಯಬೇಕು. ಹಣದ ದಿಕ್ಕು ತಿರುಗಿದ ಕೂಡಲೇ ಅದು ಮೋಸವೆಂದು ತಿಳಿಯತಕ್ಕದ್ದು. "ದೊಡ್ಡ ಕಂಪನಿ ಕೊಳ್ಳುತ್ತದೆ, ಆದರೆ ಭೂಪರಿವರ್ತನೆ ಶುಲ್ಕ ನೀವು ಮೊದಲು ಕಟ್ಟಿ", "ಮೌಲ್ಯಮಾಪನಕ್ಕೆ ಹತ್ತು ಸಾವಿರ ಕಳುಹಿಸಿ", "ತೆರಿಗೆ ಕಟ್ಟಿದರೆ ಹಣ ಬಿಡುಗಡೆಯಾಗುತ್ತದೆ" ಎಂಬ ಮಾತುಗಳೆಲ್ಲ ಒಂದೇ ಜಾತಿಯವು.

ಇದರ ಪ್ರಸಿದ್ಧ ರೂಪ ಮೊಬೈಲ್ ಗೋಪುರದ ಮೋಸ. ಜಮೀನಿನಲ್ಲಿ ಗೋಪುರ ನಿಲ್ಲಿಸಿ ತಿಂಗಳಿಗೆ ದೊಡ್ಡ ಬಾಡಿಗೆ ಕೊಡುವುದಾಗಿ ಕರೆ ಅಥವಾ ಪತ್ರ ಬರುತ್ತದೆ. ಪತ್ರದ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೆಸರೂ ಮೊಹರೂ ಇರುತ್ತವೆ. ಅನಂತರ ನೋಂದಣಿ ಶುಲ್ಕ, ವಿಮೆ, ತೆರಿಗೆ ಎಂದು ಕಂತು ಕಂತಾಗಿ ಹಣ ಕೇಳುತ್ತಾರೆ. ಗೋಪುರ ಬರುವುದಿಲ್ಲ. ಗೋಪುರಕ್ಕಾಗಿ ತಾನು ಯಾವ ಶುಲ್ಕವನ್ನೂ ಪಡೆಯುವುದಿಲ್ಲ, ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲ ಎಂದು ಆ ಪ್ರಾಧಿಕಾರವೇ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿದೆ.

ರೈತ ಉತ್ಪಾದಕ ಕಂಪನಿಗಳನ್ನು ನಡೆಸುವವರು ಇದೇ ಮೋಸವನ್ನು ಇನ್ನೊಂದು ವೇಷದಲ್ಲಿ ಕಾಣಬಹುದು. ಕಂಪನಿಯ ಜಾಲತಾಣಕ್ಕೆ ಡೊಮೇನ್ ಎಂಬ ಹೆಸರಿರುತ್ತದೆ. ವರ್ಷಕ್ಕಿಷ್ಟು ಶುಲ್ಕ ಕಟ್ಟಿ ಇದನ್ನು ನೋಂದಾಯಿಸಿಕೊಳ್ಳುತ್ತಾರೆ. ಆ ಹೆಸರನ್ನು ಭಾರಿ ಬೆಲೆಗೆ ಕೊಳ್ಳುತ್ತೇವೆಂದು ಅಪರಿಚಿತರಿಂದ ಇ-ಮೇಲ್ ಬರುತ್ತದೆ. ಒಪ್ಪಿದ ಮೇಲೆ, ಇಂಥ ಕಡೆಯೇ ಮೌಲ್ಯಮಾಪನ ಪ್ರಮಾಣಪತ್ರ ಮಾಡಿಸಿ ಎನ್ನುತ್ತಾರೆ. ಪ್ರಮಾಣಪತ್ರ ಕೊಡುವವರೂ ಅವರ ಕಡೆಯವರೇ. ಶುಲ್ಕ ಕಟ್ಟಿದ ಮೇಲೆ ಕೊಳ್ಳುಗ ಮಾಯವಾಗುತ್ತಾನೆ. ಹೆಸರನ್ನು ನಿಜವಾಗಿ ಕೊಳ್ಳುವವರು ತಮ್ಮ ಹಣವನ್ನು ನಂಬಿಕೆಯ ಮೂರನೆಯ ಸಂಸ್ಥೆಯಲ್ಲಿ ಮೊದಲು ಇಡುತ್ತಾರೆ, ಹೆಸರು ವರ್ಗಾವಣೆಯಾದ ಮೇಲೆ ಅದು ಮಾರಿದವರಿಗೆ ಸಲ್ಲುತ್ತದೆ. ಆ ಸಂಸ್ಥೆಯನ್ನು ಕೊಳ್ಳುವವರು ಕಳುಹಿಸಿದ ಕೊಂಡಿಯಿಂದ ತೆರೆಯದೆ ಕಂಪನಿಯವರೇ ವಿಚಾರಿಸಿ ಆರಿಸಬೇಕು. ವರ್ಗಾವಣೆಯ ಸಂಕೇತವನ್ನಾಗಲಿ ಒಟಿಪಿಯನ್ನಾಗಲಿ ಹಣ ಭದ್ರವಾಗುವ ಮೊದಲು ಯಾರಿಗೂ ತಿಳಿಸಬಾರದು. ನೆಲವಾಗಲಿ ಹೆಸರಾಗಲಿ ನಿಯಮ ಒಂದೇ.

ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಡೆಯಬೇಕು. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ತೆರಿಗೆದಾರರಿಂದ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದ ಮೊತ್ತದಷ್ಟೇ ದಂಡ ಬೀಳುವ ಸಂಭವವಿದೆ, ಮತ್ತು ಆ ದಂಡ ಬೀಳುವುದು ಪಡೆದವರ ಮೇಲೆ. ಚೆಕ್ ಕೊಟ್ಟರೆ ಅದು ನಗದಾಗುವವರೆಗೆ ಹಣ ಬಂದಂತಲ್ಲ.

ಮೂರನೆಯ ಪ್ರಶ್ನೆ: ಯಾವ ಕಾಗದಕ್ಕೆ ಸಹಿ?

ನೋಂದಾಯಿತ ಕ್ರಯಪತ್ರದಿಂದ ಮಾತ್ರ ಜಮೀನಿನ ಮಾಲೀಕತ್ವ ವರ್ಗವಾಗುತ್ತದೆ. ಮಾರಾಟದ ಕರಾರು ಮಾಲೀಕತ್ವವನ್ನು ಕೊಡುವುದಿಲ್ಲ. ಅಧಿಕಾರ ಪತ್ರ, ಅಂದರೆ ಜಿ.ಪಿ.ಎ. ಮೂಲಕ ಮಾಡುವ ಮಾರಾಟವು ಮಾಲೀಕತ್ವವನ್ನು ವರ್ಗಾಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪು ನೀಡಿದೆ. ಹಾಗೆಂದು ಈ ಕಾಗದಗಳು ನಿರುಪದ್ರವಿಗಳಲ್ಲ. ಕರಾರು ಹಿಡಿದವರು, ಅದನ್ನು ಜಾರಿಗೊಳಿಸಬೇಕೆಂದು, ನಿಗದಿಯಾದ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡಬಹುದು. ಕರಾರಿನಲ್ಲಿ ದಿನವೇ ನಿಗದಿಯಾಗಿರದಿದ್ದರೆ, ಮಾರುವವರು ನಿರಾಕರಿಸಿದ್ದು ತಿಳಿದ ದಿನದಿಂದ ಈ ಮೂರು ವರ್ಷಗಳ ಲೆಕ್ಕ. ಆದ್ದರಿಂದ ಗಡುವಿಲ್ಲದ ಕರಾರು ಬೇರು ಬಿಟ್ಟ ಕಳೆಯಿದ್ದಂತೆ. ಎಂದು ಚಿಗುರುವುದೋ ಹೇಳಲಾಗದು.

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಒಬ್ಬ ರೈತನಿಗೆ 2 ಎಕರೆ 10 ಗುಂಟೆ, ಅಂದರೆ 90 ಗುಂಟೆ ಜಮೀನಿದೆಯೆಂದು ಭಾವಿಸೋಣ. ಎಕರೆಗೆ 2 ಕೋಟಿಯಂತೆ ಒಟ್ಟು 4 ಕೋಟಿ 50 ಲಕ್ಷ ರೂಪಾಯಿ. ಕೊಳ್ಳುವವರು 2 ಲಕ್ಷ ಮುಂಗಡ ಕೊಟ್ಟು, "ಎಲ್ಲ ದಾಖಲೆ ಸರಿಯಾದ ಮೇಲೆ ಉಳಿದ ಹಣ" ಎಂದು ಬರೆಸುತ್ತಾರೆ. ಈ ಮುಂಗಡ ಒಟ್ಟು ಬೆಲೆಯ ಶೇಕಡಾ ಅರ್ಧಕ್ಕಿಂತ ಕಡಿಮೆ. ಅಷ್ಟರಿಂದಲೇ ಇಡೀ ಜಮೀನು ಕಟ್ಟಿಬೀಳುತ್ತದೆ. ಬೇರೆಯವರಿಗೆ ಮಾರುವಂತಿಲ್ಲ, ಮಗಳ ಮದುವೆಗೆ ಹಣ ಬೇಕಾದರೂ ದಾರಿಯಿಲ್ಲ. ಇನ್ನೊಂದು ತೊಡಕೂ ಇದೆ. 90 ಗುಂಟೆಯಲ್ಲಿ 10 ಗುಂಟೆ ಖರಾಬು ಇದ್ದು, ಅದಕ್ಕೆ ಬೆಲೆಯುಂಟೇ ಇಲ್ಲವೇ ಎಂದು ಬರೆದಿರದಿದ್ದರೆ, ಕೊನೆಯ ದಿನ 50 ಲಕ್ಷ ರೂಪಾಯಿಗಳನ್ನು ಕಡಿತ ಮಾಡುವ ಮಾತು ಬರುತ್ತದೆ.

ಕರಾರು ಮಾಡಲೇಬೇಕಾದಲ್ಲಿ ಈ ಅಂಶಗಳು ಅದರಲ್ಲಿರಬೇಕು:

1. ಕೊಳ್ಳುವವರ ಪೂರ್ಣ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ. ಕಂಪನಿಯಾದರೆ ಅದರ ನೋಂದಣಿ ಸಂಖ್ಯೆ ಮತ್ತು ಸಹಿ ಮಾಡುವವರಿಗೆ ಕಂಪನಿ ಕೊಟ್ಟ ಅಧಿಕಾರದ ಠರಾವು.
2. ಎಕರೆ-ಗುಂಟೆ ಲೆಕ್ಕ, ಖರಾಬಿನ ಬಗ್ಗೆ ಸ್ಪಷ್ಟ ಮಾತು, ಮರ, ಕೊಳವೆಬಾವಿ ಹಾಗೂ ಮೋಟಾರುಗಳ ಬೆಲೆ.
3. ಶುದ್ಧ ಕ್ರಯಕ್ಕೆ ಗಡುವಿನ ದಿನಾಂಕ, ಮತ್ತು ಗಡುವು ಮೀರಿದರೆ ಕರಾರು ರದ್ದಾಗುವುದರ ಹಾಗೂ ಮುಂಗಡ ಏನಾಗುವುದೆಂಬುದರ ವಿವರ.
4. ಪೂರ್ತಿ ಹಣ ಬರುವವರೆಗೆ ಸ್ವಾಧೀನ ಮತ್ತು ನಿಂತ ಬೆಳೆ ರೈತನದೇ ಎಂಬ ಮಾತು.
5. ಬೇರೆಯವರ ಹೆಸರಿಗೆ ಕರಾರನ್ನು ವರ್ಗಾಯಿಸಲು ರೈತನ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತು.

ಖಾಲಿ ಛಾಪಾ ಕಾಗದ, ಖಾಲಿ ಹಾಳೆ, ಓದಿ ಹೇಳದ ಕಾಗದ ಇವುಗಳಿಗೆ ಯಾವ ಕಾರಣಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಮೂಲ ದಾಖಲೆಗಳನ್ನು ಕೈಬಿಡಬಾರದು. ಪರಿಶೀಲನೆಗೆ ದೃಢೀಕೃತ ನಕಲುಗಳು ಸಾಕು. ಕೊಡುವ ನಕಲಿನ ಮೇಲೆ "ಪರಿಶೀಲನೆಗೆ ಮಾತ್ರ" ಎಂದೂ ದಿನಾಂಕವನ್ನೂ ಬರೆಯುವುದು ಒಳ್ಳೆಯದು.

ನಾಲ್ಕನೆಯ ಪ್ರಶ್ನೆ: ಕಾಯುತ್ತಾರೆಯೇ?

"ಇವತ್ತೇ ಆಗಬೇಕು, ನಾಳೆ ಈ ಬೆಲೆ ಇರಲ್ಲ", "ಪಕ್ಕದವರು ಕೊಟ್ಟಾಯ್ತು", "ಯಾರಿಗೂ ಹೇಳಬೇಡಿ" ಎಂಬ ಮೂರು ಮಾತುಗಳು ರೈತನು ವಿಚಾರಿಸದಂತೆ ತಡೆಯುವ ಉಪಾಯಗಳು. ಹದಿನೈದು ದಿನ ಕಾಯಲಾರದವರು ಕೋಟಿಗಟ್ಟಲೆ ಹಣದ ವ್ಯವಹಾರಕ್ಕೆ ತಕ್ಕವರಲ್ಲ. ಪ್ರಸ್ತಾಪವನ್ನು ಬರಹದಲ್ಲಿ ಕೊಡಿ, ಮನೆಯವರನ್ನೂ ವಕೀಲರನ್ನೂ ಕೇಳಿ ತಿಳಿಸುತ್ತೇನೆ ಎಂದರೆ ನಿಜವಾದ ಕೊಳ್ಳುಗ ಮುನಿಸಿಕೊಳ್ಳುವುದಿಲ್ಲ.

ಹೆದರಿಕೆಯ ಮಾತೂ ಇದೇ ಗುಂಪಿಗೆ ಸೇರುತ್ತದೆ. "ಸರ್ಕಾರ ಹೇಗೂ ಭೂಸ್ವಾಧೀನ ಮಾಡುತ್ತೆ, ಅಷ್ಟರೊಳಗೆ ನಮಗೆ ಕೊಟ್ಟುಬಿಡಿ" ಎಂದು ಹೇಳಿದರೆ ಅಧಿಸೂಚನೆಯ ಪ್ರತಿಯನ್ನು ಕೇಳಬೇಕು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಸ್ವಾಧೀನದಲ್ಲಿ ಮೊದಲು ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆಗಳ ವಿಚಾರಣೆ, ಅನಂತರ ಅಂತಿಮ ಅಧಿಸೂಚನೆ ಎಂಬ ಹಂತಗಳಿವೆ. ಅಧಿಸೂಚನೆಯಾದ ಮೇಲೂ ಮುಂದೇನಾಗುವುದೆಂದು ದಲ್ಲಾಳಿ ಹೇಳಲಾರ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಗ್ರಾಮಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ ಹೋರಾಟ ನಡೆಸಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಆದುದರಿಂದ ಭಯದಲ್ಲಿ ಮಾಡುವ ಸಹಿಗಿಂತ ದಾಖಲೆ ನೋಡಿ ಮಾಡುವ ನಿರ್ಧಾರ ಲೇಸು.

ತನ್ನ ಜಮೀನನ್ನು ತಾನು ಮೊದಲು ಅರಿಯಬೇಕು

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕುವುದು ಹೇಗೆ ಸರಿಯಲ್ಲವೋ, ದಾಖಲೆ ನೋಡದೆ ಬೆಲೆ ಮಾತನಾಡುವುದೂ ಹಾಗೆಯೇ. ರೈತರು ವರ್ಷಕ್ಕೊಮ್ಮೆಯಾದರೂ ಈ ಕೆಳಗಿನವುಗಳನ್ನು ನೋಡಿಕೊಳ್ಳಬೇಕು.

ಪಹಣಿ: ಭೂಮಿ ಗಣಕ ವ್ಯವಸ್ಥೆಯಿಂದ ಪಡೆದು 11ನೆಯ ಕಲಮನ್ನು ಓದಬೇಕು. ಸಾಲ, ನ್ಯಾಯಾಲಯದ ತಡೆ, ಸ್ವಾಧೀನದ ವಿಷಯಗಳು ಅಲ್ಲಿ ದಾಖಲಾಗುತ್ತವೆ.

ಋಣಭಾರ ಪ್ರಮಾಣಪತ್ರ: ಕಾವೇರಿ ಜಾಲತಾಣದಲ್ಲಿ ಇಲ್ಲವೇ ಉಪನೋಂದಣಿ ಕಚೇರಿಯ ಮೂಲಕ ಪಡೆಯಬಹುದು. ನೋಂದಣಿಯಾದ ವ್ಯವಹಾರಗಳಿದ್ದರೆ 15ನೆಯ ನಮೂನೆಯಲ್ಲೂ, ಇಲ್ಲದಿದ್ದರೆ 16ನೆಯ ನಮೂನೆಯಲ್ಲೂ ಬರುತ್ತದೆ. ರೈತನಿಗೆ ತಿಳಿಯದ ಕರಾರು ಅಥವಾ ಅಧಿಕಾರ ಪತ್ರ ಅದರಲ್ಲಿ ಕಂಡರೆ ತಡಮಾಡದೆ ವಕೀಲರನ್ನು ಕಾಣಬೇಕು.

ಸುತ್ತಮುತ್ತಲ ಬೆಲೆ: ನೆರೆಯ ಸರ್ವೆ ನಂಬರು ಮಾರಾಟವಾಗಿದ್ದರೆ ಅದರ ಋಣಭಾರ ಪ್ರಮಾಣಪತ್ರದಲ್ಲಿ ನೋಂದಣಿಯಾದ ಮೊತ್ತ ಕಾಣುತ್ತದೆ. ನಿಜವಾದ ಬೆಲೆ ಅದಕ್ಕಿಂತ ಹೆಚ್ಚಿರಬಹುದು, ಆದರೆ ಗಾಳಿಮಾತಿಗಿಂತ ಇದು ಗಟ್ಟಿ ಆಧಾರ. ಸರ್ಕಾರದ ಮಾರ್ಗಸೂಚಿ ಬೆಲೆಯು ಮುದ್ರಾಂಕ ಶುಲ್ಕ ಲೆಕ್ಕಹಾಕಲು ಇರುವುದು. ಮಾರುಕಟ್ಟೆ ಬೆಲೆಗೆ ಅದು ಮಿತಿಯಲ್ಲ.

ವಲಯ: ಜಮೀನು ಮಹಾಯೋಜನೆಯಲ್ಲಿ ಕೃಷಿ ವಲಯದಲ್ಲಿದೆಯೋ, ವಸತಿ ವಲಯದಲ್ಲಿದೆಯೋ ಎಂಬುದರಿಂದ ಬೆಲೆ ಬಹಳ ಬದಲಾಗುತ್ತದೆ. ವಿಮಾನ ನಿಲ್ದಾಣದ ಸುತ್ತಲಿನ ಗ್ರಾಮಗಳವರು ಅಲ್ಲಿನ ಯೋಜನಾ ಪ್ರಾಧಿಕಾರದಲ್ಲಿಯೂ ಇತರರು ತಮ್ಮ ಸ್ಥಳೀಯ ಯೋಜನಾ ಪ್ರಾಧಿಕಾರದಲ್ಲಿಯೂ ವಿಚಾರಿಸಬಹುದು.

ಬಂದವರ ಗುರುತನ್ನು ಪರಿಶೀಲಿಸುವುದು

ಕಂಪನಿಯ ಹೆಸರು ಹೇಳಿದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದು ನೋಂದಣಿಯಾಗಿದೆಯೇ ಎಂದು ನೋಡಬೇಕು. ಬಡಾವಣೆ ಮಾಡುವವರಾದರೆ ಅವರ ಹಿಂದಿನ ಯೋಜನೆಗಳು ರಾಜ್ಯದ ರೇರಾ ಪ್ರಾಧಿಕಾರದಲ್ಲಿ ದಾಖಲಾಗಿವೆಯೇ ಎಂದು ತಿಳಿಯಬೇಕು. ಅವರು ಕೊಟ್ಟ ಮೊಬೈಲ್ ಸಂಖ್ಯೆಗೆ ಕರೆ ಮಾಡಿದರೆ ಸಾಲದು; ಕಂಪನಿಯ ಕಚೇರಿಯ ಸಂಖ್ಯೆಯನ್ನು ತಾವೇ ಹುಡುಕಿ ವಿಚಾರಿಸಬೇಕು. ಅವರು ಈ ಮೊದಲು ಜಮೀನು ಕೊಂಡ ಊರಿಗೆ ಹೋಗಿ, ಮಾರಿದ ಇಬ್ಬರು ರೈತರನ್ನು ಮಾತನಾಡಿಸುವುದು ಎಲ್ಲಕ್ಕಿಂತ ಉತ್ತಮ ಪರೀಕ್ಷೆ.

ಬೆರಳಚ್ಚಿನ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ಬಳಸಿ ಬ್ಯಾಂಕ್ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ವರದಿಯಾದವು. ಆಧಾರ್ ವ್ಯವಸ್ಥೆಯಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದ್ದು, ಬೇಕಾದಾಗ ಮಾತ್ರ ತೆರೆಯಬಹುದು.

ಮೋಸವಾದಾಗ

ಹಣ ಕಳುಹಿಸಿ ಮೋಸಹೋದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸಂದೇಶ, ರಶೀದಿ, ಕರೆಯ ಸಂಖ್ಯೆಗಳನ್ನು ಅಳಿಸಬಾರದು. ಸಹಿ ಮಾಡಿ ಮೋಸಹೋಗಿದ್ದರೆ ವಕೀಲರ ಸಲಹೆ ಪಡೆಯಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ದೊರೆಯುತ್ತದೆ. ದೂರವಾಣಿ ಸಂಖ್ಯೆ 15100. ನಾಚಿಕೆಯಿಂದ ಮುಚ್ಚಿಟ್ಟರೆ ಅದೇ ವಂಚಕ ಪಕ್ಕದ ಊರಿಗೆ ಹೋಗುತ್ತಾನೆ.

ವಿಸ್ತರಣಾ ಕಾರ್ಯಕರ್ತರಿಗೆ

ಮಾರಬೇಕೇ ಬೇಡವೇ ಎಂಬುದು ರೈತ ಕುಟುಂಬದ ತೀರ್ಮಾನ. ಅದರಲ್ಲಿ ಕಾರ್ಯಕರ್ತರು ಪಕ್ಷ ವಹಿಸಬಾರದು. ಆದರೆ ಪಹಣಿ ಓದುವುದನ್ನು ಕಲಿಸುವುದು, ನಾಲ್ಕು ಪ್ರಶ್ನೆಗಳನ್ನು ಗ್ರಾಮಸಭೆ, ಹಾಲಿನ ಡೇರಿ ಮತ್ತು ಸ್ವಸಹಾಯ ಸಂಘಗಳಲ್ಲಿ ಚರ್ಚಿಸುವುದು ಅವರಿಂದ ಆಗಬೇಕಾದ ಕೆಲಸ. ಮನೆಯ ಹೆಂಗಸರೂ ಈ ಚರ್ಚೆಯಲ್ಲಿರುವುದು ಅವಶ್ಯ. ದಾಖಲೆಯಲ್ಲಿ ಹೆಸರಿದ್ದರೂ ಇಲ್ಲದಿದ್ದರೂ ನೆಲ ಹೋದರೆ ಆ ಮನೆಯ ಹಸು, ಹಿತ್ತಿಲು ಮತ್ತು ವರ್ಷದ ರಾಗಿ ಹೋಗುವುದು ಅವರ ಕೈಯಿಂದಲೇ.

ಸಾರಾಂಶ

ಜಮೀನಿನ ಬಗ್ಗೆ ಕೇಳಿ ತಿಳಿಯುವವರು, ತಮ್ಮ ಹಣವನ್ನು ಬ್ಯಾಂಕಿನ ಮೂಲಕ ಮೊದಲು ಇಡುವವರು, ಗಡುವಿರುವ ಕರಾರಿಗೆ ಒಪ್ಪುವವರು, ರೈತನು ವಿಚಾರಿಸುವವರೆಗೆ ಕಾಯುವವರು ನಿಜವಾದ ಕೊಳ್ಳುಗರೆಂದು ಭಾವಿಸಿ ಮಾತು ಮುಂದುವರಿಸಬಹುದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ವ್ಯವಹಾರ ನಿಲ್ಲಿಸಿ ವಕೀಲರನ್ನು ಕೇಳಬೇಕು. ರೈತರಿಂದಲೇ ಹಣ ಕೇಳಿದರೆ ಅಲ್ಲಿಗೇ ಮಾತು ಮುಗಿಸಬೇಕು.